ಟೊಮೆಟೊಗೆ ನೀರು ಕಡಿಮೆ ಕೊಟ್ಟರೆ ಏನಾಗುತ್ತದೆ?

ಟೊಮೆಟೊ ಬೆಳೆಯುವವರ ನಡುವೆ ಎರಡು ಮಾತು ಓಡಾಡುತ್ತವೆ. ಒಂದು, 'ನೀರು ಕಡಿಮೆ ಕೊಟ್ಟರೆ ಹಣ್ಣಿಗೆ ರುಚಿ ಬರುತ್ತೆ'. ಇನ್ನೊಂದು, 'ಟೊಮೆಟೊಗೆ ಒಂದು ನೀರು ತಪ್ಪಿದರೂ ಬೆಳೆ ಕೈಬಿಟ್ಟ ಹಾಗೆ'. ಕೇಳೋಕೆ ಒಂದಕ್ಕೊಂದು ಎದುರು ಅನ್ನಿಸುತ್ತವೆ, ಅಲ್ವಾ? ಆದರೆ ಎರಡರಲ್ಲೂ ಸತ್ಯ ಇದೆ. ಗಿಡ ಯಾವ ಹಂತದಲ್ಲಿದ್ದಾಗ ನೀರು ಕಡಿಮೆಯಾಯಿತು, ಎಷ್ಟು ಕಡಿಮೆಯಾಯಿತು, ಮಣ್ಣು ಎಂಥದ್ದು ಅನ್ನೋದನ್ನು ನೋಡಿದರೆ ಯಾವ ಮಾತು ಯಾವಾಗ ನಿಜವಾಗುತ್ತದೆ ಅಂತ ಗೊತ್ತಾಗುತ್ತದೆ.

ಮೊದಲು ಹಣ್ಣಿನಿಂದಲೇ ಶುರು ಮಾಡೋಣ. ಹಣ್ಣಾದ ಟೊಮೆಟೊದ ತೂಕದಲ್ಲಿ ಸುಮಾರು ಶೇ. 93ರಿಂದ 95 ಬರೀ ನೀರು. ಉಳಿದ ಶೇ. 5ರಿಂದ 7ರಲ್ಲೇ ಸಕ್ಕರೆ, ಹುಳಿ, ನಾರು, ಬಣ್ಣ, ಖನಿಜ ಎಲ್ಲವೂ ಸೇರಿಕೊಂಡಿರುತ್ತವೆ. ಈ ಒಣ ಅಂಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆ, ಅದರಲ್ಲೂ ಗ್ಲುಕೋಸ್ ಮತ್ತು ಫ್ರುಕ್ಟೋಸ್. ಹುಳಿ ಕೊಡುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲ, ಅದರ ಹಿಂದೆ ಮ್ಯಾಲಿಕ್ ಆಮ್ಲ. ನಾವು ನಾಲಿಗೆಯಲ್ಲಿ ಸವಿಯುವುದೆಲ್ಲ ಈ ಚಿಕ್ಕ ಪಾಲಿನದು. ತಕ್ಕಡಿಯಲ್ಲಿ ತೂಗುವುದು ಮಾತ್ರ ನೀರನ್ನು. ನೀರು ಕಡಿಮೆ ಮಾಡಿದಾಗ ಇಳುವರಿ ಮತ್ತು ರುಚಿ ಬೇರೆ ಬೇರೆ ದಿಕ್ಕಿಗೆ ಹೋಗುವುದಕ್ಕೆ ಕಾರಣ ಇಲ್ಲೇ ಇದೆ.

ಗಿಡದ ಒಳಗೆ ನಡೆಯುವುದು

ಬೇರು ಎಳೆದುಕೊಂಡ ನೀರಿನಲ್ಲಿ ಶೇ. 95ಕ್ಕಿಂತ ಜಾಸ್ತಿ ಎಲೆಯಿಂದ ಆವಿಯಾಗಿ ಹೊರಟುಹೋಗುತ್ತದೆ. ಹಣ್ಣಿನಲ್ಲಿ ಉಳಿಯುವುದು ಚೂರೇ ಚೂರು. ಹಾಗಂತ ಆವಿಯಾದದ್ದು ದಂಡ ಅಲ್ಲ. ಎಲೆಯ ಅಡಿಯಲ್ಲಿರುವ ಸಣ್ಣ ರಂಧ್ರಗಳು ತೆರೆದರೆ ಮಾತ್ರ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಸಕ್ಕರೆ ತಯಾರಾಗುತ್ತದೆ. ಅದೇ ಬಾಗಿಲಿನಿಂದ ನೀರು ಹೊರಗೆ ಹೋಗುತ್ತದೆ. ಎರಡಕ್ಕೂ ಬಾಗಿಲು ಒಂದೇ. ಜೊತೆಗೆ ಆವಿಯಾಗುವ ನೀರು ಎಲೆಯನ್ನು ತಂಪಾಗಿಡುತ್ತದೆ.

ಮಣ್ಣು ಒಣಗಲು ಶುರುವಾದಾಗ ಗಿಡ ಸುಮ್ನೆ ಕೂರುವುದಿಲ್ಲ. ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಜಾಸ್ತಿಯಾಗುತ್ತದೆ. ಅದು 'ಬಾಗಿಲು ಮುಚ್ಚಿ' ಅಂತ ಎಲೆಯ ರಂಧ್ರಗಳಿಗೆ ಹೇಳುತ್ತದೆ. ಆದರೆ ರಂಧ್ರಗಳು ಮುಚ್ಚುವ ಮೊದಲೇ ಇನ್ನೊಂದು ಕೆಲಸ ನಿಂತಿರುತ್ತದೆ. ಅದು ಜೀವಕೋಶಗಳು ಹಿಗ್ಗುವ ಕೆಲಸ. ಎಲೆಯಾಗಲಿ, ಕಾಯಿಯಾಗಲಿ, ದೊಡ್ಡದಾಗುವುದು ಒಳಗಿನ ನೀರಿನ ಒತ್ತಡದಿಂದ. ಒತ್ತಡ ಸ್ವಲ್ಪ ಕಡಿಮೆಯಾದರೂ ಹಿಗ್ಗುವುದು ನಿಧಾನವಾಗುತ್ತದೆ. ಸಕ್ಕರೆ ತಯಾರಿಕೆ ಅಷ್ಟು ಬೇಗ ಕುಗ್ಗುವುದಿಲ್ಲ.

ಈ ಮುಂಚೆ-ಆಮೇಲೆಯ ಅಂತರ ಇದೆಯಲ್ಲ, ಇಡೀ ವಿಷಯದ ಗುಟ್ಟು ಅದರಲ್ಲೇ ಇದೆ. ನೀರಿನ ಕೊರತೆ ಹದವಾಗಿದ್ದಾಗ ಬೆಳವಣಿಗೆ ನಿಧಾನವಾಗಿರುತ್ತದೆ, ಆದರೆ ಎಲೆ ಇನ್ನೂ ಸಕ್ಕರೆ ಮಾಡುತ್ತಲೇ ಇರುತ್ತದೆ. ಕಾಯಿಗೆ ಸಕ್ಕರೆ ಬರುತ್ತದೆ, ನೀರು ಮಾತ್ರ ಮೊದಲಿನಷ್ಟು ಬರುವುದಿಲ್ಲ. ಕೊರತೆ ಅತಿಯಾದರೆ ಈ ಲಾಭವೂ ಹೋಗುತ್ತದೆ. ರಂಧ್ರಗಳು ಮುಚ್ಚಿಕೊಂಡು ಸಕ್ಕರೆ ತಯಾರಿಕೆಯೇ ಕುಸಿಯುತ್ತದೆ, ಎಲೆ ಬಿಸಿಯಾಗುತ್ತದೆ, ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ. ಆಗ ಹಣ್ಣು ಚಿಕ್ಕದಾಗಿರುತ್ತದೆ, ಹೇಳಿಕೊಳ್ಳುವಂಥ ರುಚಿಯೂ ಇರುವುದಿಲ್ಲ.

ಸಿಹಿ ಎಲ್ಲಿಂದ ಬರುತ್ತದೆ?

'ನೀರು ಕಡಿಮೆಯಾದರೆ ಗಿಡ ಜಾಸ್ತಿ ಸಕ್ಕರೆ ಮಾಡುತ್ತದೆ' ಅಂತ ಹಲವರು ತಿಳಿದಿದ್ದಾರೆ. ಬಹುಮಟ್ಟಿಗೆ ಹಾಗಲ್ಲ. ಒಂದೇ ಚಮಚ ಸಕ್ಕರೆಯನ್ನು ತುಂಬಿದ ಲೋಟದ ಬದಲು ಮುಕ್ಕಾಲು ಲೋಟ ನೀರಿಗೆ ಹಾಕಿದರೆ ಸಿಹಿ ಜಾಸ್ತಿ ಅನ್ನಿಸುತ್ತದಲ್ಲ, ಇಲ್ಲೂ ಅದೇ ಲೆಕ್ಕ.

ಅಂಕಿಯಲ್ಲಿ ನೋಡೋಣ. 120 ಗ್ರಾಂ ತೂಕದ ಹಣ್ಣು, ಅದರಲ್ಲಿ ಕರಗಿದ ಅಂಶ ಶೇ. 5 ಅಂತ ಇಟ್ಟುಕೊಳ್ಳಿ. ಅಂದರೆ 6 ಗ್ರಾಂ. ಅದೇ 6 ಗ್ರಾಂ 100 ಗ್ರಾಂ ಹಣ್ಣಿನಲ್ಲಿದ್ದರೆ ಅದು ಶೇ. 6 ಆಯಿತು. ಹಣ್ಣಿಗೆ ಒಂದು ಗ್ರಾಂ ಸಕ್ಕರೆಯೂ ಹೊಸದಾಗಿ ಬಂದಿಲ್ಲ, ಆದರೂ ನಾಲಿಗೆಗೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಬೆಳೆದವರಿಗೆ 20 ಗ್ರಾಂ ತೂಕ ಹೋಯಿತು. ತಿಂದವರಿಗೆ ರುಚಿ ಸಿಕ್ಕಿತು.

ಇದರ ಜೊತೆ ಗಿಡದ ಕಡೆಯಿಂದಲೂ ಸ್ವಲ್ಪ ಪ್ರಯತ್ನ ಇರುತ್ತದೆ. ಬಾಯಾರಿದ ಗಿಡ ತನ್ನ ಜೀವಕೋಶಗಳಲ್ಲಿ ಸಕ್ಕರೆ, ಸಾವಯವ ಆಮ್ಲ, ಪ್ರೋಲಿನ್‌ನಂಥ ಅಮೈನೋ ಆಮ್ಲಗಳನ್ನು ಕೂಡಿಹಾಕುತ್ತದೆ. ಒಳಗಿನ ದ್ರಾವಣ ದಪ್ಪಗಾದಷ್ಟೂ ನೀರನ್ನು ಹಿಡಿದಿಟ್ಟುಕೊಳ್ಳುವುದು ಸುಲಭ. ಎಳೆ ಕಾಯಿಯಲ್ಲಿ ಪಿಷ್ಟ ಜಾಸ್ತಿ ಕೂಡಿಕೊಳ್ಳುವುದೂ ಇದೆ. ಹಣ್ಣಾಗುವಾಗ ಅದು ಒಡೆದು ಸಕ್ಕರೆಯಾಗುತ್ತದೆ. ಆದರೆ ದೊಡ್ಡ ಪಾಲು ನೀರು ಕಡಿಮೆಯಾದ್ದರಿಂದಲೇ ಬರುತ್ತದೆ ಅನ್ನೋದನ್ನು ಮರೆಯಬಾರದು. ಮರೆತರೆ 'ತೂಕವೂ ಬೇಕು, ರುಚಿಯೂ ಬೇಕು' ಅಂತ ಆಸೆಪಟ್ಟು ಎರಡನ್ನೂ ಕಳೆದುಕೊಳ್ಳುವುದಾಗುತ್ತದೆ.

ಈ ಕರಗಿದ ಅಂಶವನ್ನು ಅಳೆಯುವುದಕ್ಕೆ ರಿಫ್ರಾಕ್ಟೋಮೀಟರ್ ಅನ್ನೋ ಅಂಗೈ ಅಗಲದ ಉಪಕರಣ ಇದೆ. ಹಣ್ಣು ಹಿಂಡಿ ಒಂದು ಹನಿ ರಸವನ್ನು ಅದರ ಗಾಜಿನ ಮೇಲೆ ಬಿಟ್ಟು, ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಸೇರುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆ ಅಂತ ಕಾಣುತ್ತದೆ. ಅದೇ ಬ್ರಿಕ್ಸ್ ಅಳತೆ. 5 ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಸುಮಾರು 5 ಗ್ರಾಂ ಕರಗಿದ ಅಂಶ. ಮಾಮೂಲಿ ಟೊಮೆಟೊ 4ರಿಂದ 5ರ ಆಸುಪಾಸಿನಲ್ಲಿರುತ್ತದೆ. ಚೆರ್ರಿ ಟೊಮೆಟೊ 7 ದಾಟುವುದು ಅಪರೂಪವೇನಲ್ಲ. ಉಪಕರಣ ಇಲ್ಲದವರು ಹಣ್ಣನ್ನು ನೀರಿಗೆ ಹಾಕಿ ನೋಡುವುದೂ ಇದೆ. ಸಾಮಾನ್ಯ ಹಣ್ಣು ತೇಲುತ್ತದೆ, ಒಳ್ಳೆ ಸಿಹಿ ಹಣ್ಣು ಮುಳುಗುತ್ತದೆ. ಪಕ್ಕಾ ಪರೀಕ್ಷೆ ಅಂತ ಹೇಳಲಾಗದು. ಒಳಗೆ ಪೊಳ್ಳಿದ್ದರೆ ಎಷ್ಟೇ ಸಿಹಿ ಇದ್ದರೂ ತೇಲುತ್ತದೆ. ಆದರೆ ಒಂದೇ ಗಿಡದ ಹಣ್ಣುಗಳನ್ನು ಹೋಲಿಸೋಕೆ ಸಾಕು.

ರುಚಿ ಅಂದರೆ ಸಿಹಿ ಮಾತ್ರವಲ್ಲ. ಸಕ್ಕರೆ ಏರಿದ ಹಾಗೆ ಹುಳಿಯೂ ಏರುತ್ತದೆ. ಎರಡೂ ಒಟ್ಟಿಗೆ ಏರಿದಾಗಲೇ ಟೊಮೆಟೊ 'ಗಟ್ಟಿ ರುಚಿ' ಅನ್ನಿಸುವುದು. ವಿಟಮಿನ್ ಸಿ ಕೂಡ ಗ್ರಾಂ ಲೆಕ್ಕದಲ್ಲಿ ಜಾಸ್ತಿ ಕಾಣುವುದು ಸಾಮಾನ್ಯ. ಕೆಂಪು ಬಣ್ಣ ಕೊಡುವ ಲೈಕೋಪಿನ್ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಭರವಸೆ ಕೊಡುವ ಹಾಗಿಲ್ಲ. ಕೆಲವು ತಳಿಗಳಲ್ಲಿ ಏರುತ್ತದೆ, ಕೆಲವುಗಳಲ್ಲಿ ಇಳಿಯುತ್ತದೆ. ಅದರ ಮೇಲೆ ನೀರಿಗಿಂತ ಬಿಸಿಲಿನ ಕೈ ಜೋರು. ಹಣ್ಣಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿ ಉಳಿದರೆ ಲೈಕೋಪಿನ್ ತಯಾರಾಗುವುದು ಕುಂಟುತ್ತದೆ. ಹಣ್ಣು ಕೆಂಪಾಗುವ ಬದಲು ಕಿತ್ತಳೆ-ಹಳದಿಯಲ್ಲೇ ನಿಲ್ಲುತ್ತದೆ. ನೀರಿಲ್ಲದೆ ಎಲೆ ಸುರುಟಿ, ಉದುರಿ, ಹಣ್ಣು ಬಿಸಿಲಿಗೆ ಬಿದ್ದರೆ ಇದೇ ಆಗುವುದು. ಹೆಗಲ ಭಾಗದಲ್ಲಿ ಬಿಳಿಚಿಕೊಂಡು ಸುಟ್ಟಂಥ ಕಲೆಯೂ ಬರುತ್ತದೆ.

ಯಾವಾಗ ಕಡಿಮೆ ಮಾಡಬಹುದು, ಯಾವಾಗ ಕೂಡದು

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಬೆಳೆಗಳ ನೀರು ಮತ್ತು ಇಳುವರಿಯ ಸಂಬಂಧದ ಬಗ್ಗೆ ಒಂದು ಕೈಪಿಡಿ ಹೊರತಂದಿತು. ಅದರಲ್ಲಿ ಪ್ರತಿ ಬೆಳೆಗೂ ಒಂದು ಗುಣಾಂಕ ಇದೆ. ಲೆಕ್ಕ ಸರಳ. ಬೆಳೆ ಬಳಸಬೇಕಾದ ನೀರಿನಲ್ಲಿ ಶೇಕಡಾ ಎಷ್ಟು ಕೊರತೆಯಾಯಿತೋ ಅದನ್ನು ಗುಣಾಂಕದಿಂದ ಗುಣಿಸಿದರೆ ಇಳುವರಿ ಶೇಕಡಾ ಎಷ್ಟು ಬೀಳುತ್ತದೆ ಅಂತ ಅಂದಾಜು ಸಿಗುತ್ತದೆ. ಗುಣಾಂಕ 1ಕ್ಕಿಂತ ಜಾಸ್ತಿ ಇದ್ದರೆ ನಷ್ಟ ಕೊರತೆಗಿಂತ ದೊಡ್ಡದು. ಕಡಿಮೆ ಇದ್ದರೆ ಬೆಳೆ ತಡೆದುಕೊಳ್ಳುತ್ತದೆ.

ಟೊಮೆಟೊದ ಹಂತವಾರು ಗುಣಾಂಕ ಹೀಗಿದೆ: ಎಲೆ-ಕಾಂಡ ಬೆಳೆಯುವಾಗ 0.4, ಹೂ ಬಿಡುವಾಗ 1.1, ಕಾಯಿ ಬಲಿಯುವಾಗ 0.8, ಹಣ್ಣಾಗುವಾಗ 0.4. ಒಂದೇ ಶೇ. 30ರ ಕೊರತೆ ಹೂವಿನ ಹಂತದಲ್ಲಿ ಬಿದ್ದರೆ ಇಳುವರಿ ಸುಮಾರು ಶೇ. 33 ಹೋಗುತ್ತದೆ. ಹಣ್ಣಾಗುವ ಹಂತದಲ್ಲಿ ಬಿದ್ದರೆ ಶೇ. 12. ಇವು ಅಂದಾಜಿನ ಅಂಕಿಗಳು. ತಳಿ, ಹವೆ, ಮಣ್ಣು ಬದಲಾದರೆ ಬದಲಾಗುತ್ತವೆ. ಆದರೆ ಒಂದಕ್ಕೊಂದರ ನಡುವಿನ ಅಂತರ ಎಷ್ಟು ದೊಡ್ಡದು ನೋಡಿ.

ಹೂವಿನ ಹಂತ ಯಾಕಿಷ್ಟು ನಾಜೂಕು? ನೀರಿನ ಕೊರತೆಯಾದಾಗ ಗಿಡ ಮೊದಲು ಕಳಚಿಕೊಳ್ಳುವ ಹೊರೆ ಹೂವು. ತೊಟ್ಟಿನ ಗಂಟಿನಲ್ಲಿ ಹಳದಿ ತಿರುಗಿ, ಮುಟ್ಟಿದರೆ ಉದುರುತ್ತದೆ. ಉದುರಿದ ಹೂವಿಗೆ ಆಮೇಲೆ ಎಷ್ಟು ನೀರು ಹಾಕಿದರೂ ಕಾಯಿ ಬರುವುದಿಲ್ಲ. ಜೊತೆಗೆ ಕಾಯಿ ಕಚ್ಚಿದ ಮೊದಲ ಎರಡು ವಾರದೊಳಗೆ ಅದರ ಜೀವಕೋಶಗಳ ಸಂಖ್ಯೆ ಬಹುಪಾಲು ನಿರ್ಧಾರವಾಗಿಬಿಡುತ್ತದೆ. ಆಮೇಲಿನ ವಾರಗಳಲ್ಲಿ ನಡೆಯುವುದು ಆ ಕೋಶಗಳು ಹಿಗ್ಗುವುದು. ಕೋಶಗಳೇ ಕಡಿಮೆ ಇದ್ದರೆ ಹಿಗ್ಗೋಕೆ ಏನಿದೆ? ಆ ಕಾಯಿ ಚಿಕ್ಕದಾಗಿಯೇ ಉಳಿಯುತ್ತದೆ.

ಎಳೆ ಗಿಡದ ಹಂತ ಇದಕ್ಕೆ ತದ್ವಿರುದ್ಧ. ನಾಟಿ ಮಾಡಿದ ಸಸಿ ಬೇರು ಹಿಡಿಯುವವರೆಗೆ ನೀರು ಚೆನ್ನಾಗಿಯೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಬೇರು ಹಿಡಿದ ಮೇಲೆ, ಹೂ ಬರುವ ಮೊದಲು, ಸ್ವಲ್ಪ ಕೈ ಬಿಗಿ ಹಿಡಿದರೆ ಬೇರು ಆಳಕ್ಕೆ ಇಳಿಯುತ್ತದೆ. ಈ ಹಂತದಲ್ಲಿ ದಿನಾ ಮೇಲ್ಮೇಲೆ ನೀರು ಕುಡಿಸಿ ಬೆಳೆಸಿದ ಗಿಡ ನೋಡೋಕೆ ಹಸಿರಾಗಿ, ಸೊಂಪಾಗಿರುತ್ತದೆ. ಬೇರು ಮಾತ್ರ ಮೇಲೇ ಇರುತ್ತದೆ. ಮುಂದೆ ಒಂದೆರಡು ದಿನ ನೀರು ತಪ್ಪಿದರೆ ಮೊದಲು ಬಾಡುವುದು ಅದೇ.

ಕೊನೆಯ ಹಂತ, ಅಂದರೆ ಹಣ್ಣು ಬಣ್ಣ ತಿರುಗುವ ಸಮಯ, ನೀರು ಕಡಿಮೆ ಮಾಡೋಕೆ ಎಲ್ಲಕ್ಕಿಂತ ಒಳ್ಳೆಯದು. ಅಷ್ಟರಲ್ಲಿ ಗಾತ್ರ ಬಂದಾಗಿರುತ್ತದೆ. ಸಾಸ್, ಪೇಸ್ಟ್‌ಗೆ ಬೆಳೆಯುವವರು ಕೊಯ್ಲಿಗೆ ಕೆಲವು ವಾರ ಮೊದಲೇ ನೀರು ಇಳಿಸುವುದು ಇದೇ ಲೆಕ್ಕದಿಂದ. ಕಾರ್ಖಾನೆಯವರ ಲೆಕ್ಕವೂ ಇಲ್ಲಿ ಸೇರುತ್ತದೆ. ಅವರಿಗೆ ಬೇಕಾದದ್ದು ಹಣ್ಣಿನ ಒಳಗಿನ ಗಟ್ಟಿ ಅಂಶ. ನೀರನ್ನು ಅವರು ಕುದಿಸಿ ಓಡಿಸುತ್ತಾರೆ. 30 ಬ್ರಿಕ್ಸ್‌ನ ಒಂದು ಕೆ.ಜಿ. ಪೇಸ್ಟ್ ಮಾಡೋಕೆ 5 ಬ್ರಿಕ್ಸ್ ರಸ 6 ಕೆ.ಜಿ. ಬೇಕು. ಅಂದರೆ 5 ಕೆ.ಜಿ. ನೀರು ಆವಿ ಮಾಡಬೇಕು. 6 ಬ್ರಿಕ್ಸ್ ರಸವಾದರೆ 5 ಕೆ.ಜಿ. ಸಾಕು, ಓಡಿಸಬೇಕಾದ ನೀರು 4 ಕೆ.ಜಿ. ಸಾಗಣೆಯೂ ಉಳಿಯಿತು, ಇಂಧನವೂ ಉಳಿಯಿತು. ಹೀಗಾಗಿ ಈ ವಲಯದಲ್ಲಿ ಎಕರೆಗೆ ಎಷ್ಟು ಟನ್ ಹಣ್ಣು ಬಂತು ಅನ್ನೋದರ ಜೊತೆ ಎಕರೆಗೆ ಎಷ್ಟು ಗಟ್ಟಿ ಅಂಶ ಬಂತು ಅಂತಲೂ ಕೇಳುತ್ತಾರೆ.

ಈಗ ಒಂದು ತೊಡಕು. ಪೇಸ್ಟ್‌ಗೆ ಬೆಳೆಯುವ ತಳಿಗಳು ಕುಳ್ಳಗೆ ಪೊದೆಯಾಗಿ, ಒಂದಿಷ್ಟು ಎತ್ತರಕ್ಕೆ ಬೆಳವಣಿಗೆ ನಿಲ್ಲಿಸುತ್ತವೆ. ಹೂವು ಹೆಚ್ಚುಕಡಿಮೆ ಒಟ್ಟಿಗೆ, ಹಣ್ಣೂ ಒಟ್ಟಿಗೆ. ಅವುಗಳಲ್ಲಿ 'ಈಗ ಹೂವಿನ ಹಂತ, ಈಗ ಹಣ್ಣಿನ ಹಂತ' ಅಂತ ಬೇರೆ ಮಾಡಬಹುದು. ಊರುಗೋಲು ಕೊಟ್ಟು ಮೇಲಕ್ಕೆ ಹಬ್ಬಿಸುವ, ಬೆಳೆಯುತ್ತಲೇ ಹೋಗುವ ತಳಿಗಳಲ್ಲಿ ಹಾಗಿಲ್ಲ. ಒಂದೇ ಗಿಡದಲ್ಲಿ ಕೆಳಗಿನ ಗೊಂಚಲು ಕೆಂಪಾಗುತ್ತಿರುತ್ತದೆ, ನಡುವಿನದು ಬಲಿಯುತ್ತಿರುತ್ತದೆ, ತುದಿಯಲ್ಲಿ ಹೂವಿರುತ್ತದೆ. ಕೆಳಗಿನ ಹಣ್ಣಿಗೆ ರುಚಿ ಬರಲಿ ಅಂತ ನೀರು ನಿಲ್ಲಿಸಿದರೆ ಮೇಲಿನ ಹೂವು ಉದುರುತ್ತದೆ. ಇಂಥ ತಳಿ ಬೆಳೆಯುವವರು ಹಂತ ನೋಡಿ ನೀರು ಬಿಗಿ ಮಾಡುವ ಸಲಹೆಯನ್ನು ಹಾಗೆಯೇ ತೆಗೆದುಕೊಳ್ಳಬಾರದು. ಅವರಿಗೆ ಉಳಿದಿರುವ ದಾರಿ ಎರಡೇ. ಇಡೀ ಅವಧಿಯಲ್ಲಿ ಒಂದೇ ಸಮನೆ ಚೂರು ಕಡಿಮೆ ಕೊಡುವುದು, ಇಲ್ಲವೇ ಗಿಡದ ತುದಿ ಚಿವುಟಿದ ಮೇಲೆ, ಹೊಸ ಹೂವು ಬೇಡ ಅಂತ ನಿರ್ಧಾರವಾದ ಮೇಲೆ, ನೀರು ಇಳಿಸುವುದು.

ಕಡಿಮೆ ಬೇರೆ, ಏರುಪೇರು ಬೇರೆ

ಹೊಲದಲ್ಲಿ ನಿಜವಾಗಿ ಹಾಳಾಗುವ ಟೊಮೆಟೊಗಳಲ್ಲಿ ಬಹಳಷ್ಟು ಹಾಳಾಗುವುದು ಏರುಪೇರಿನಿಂದ ಅನ್ನೋದು ನನ್ನ ಅಭಿಪ್ರಾಯ. ಇವತ್ತು ಕೆರೆ, ನಾಲ್ಕು ದಿನ ಬರ, ಮತ್ತೆ ಕೆರೆ. ಎರಡು ತೊಂದರೆಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

ಮೊದಲನೆಯದು ತುದಿ ಕೊಳೆ. ಕಾಯಿ ಇನ್ನೂ ಹಸಿರಿರುವಾಗ, ತೊಟ್ಟಿನ ಎದುರು ತುದಿಯಲ್ಲಿ ನೀರು ಹೀರಿದಂಥ ಸಣ್ಣ ಕಲೆ ಕಾಣಿಸುತ್ತದೆ. ಕೆಲವೇ ದಿನದಲ್ಲಿ ಅದು ಕಂದಾಗಿ, ಒಳಕ್ಕೆ ಕುಸಿದು, ಕಪ್ಪು ಚರ್ಮದ ಹಾಗೆ ಗಟ್ಟಿಯಾಗುತ್ತದೆ. ರೋಗ ಅಂದುಕೊಂಡು ಔಷಧಿ ಹೊಡೆಯುವವರಿದ್ದಾರೆ. ಇದು ರೋಗಾಣುವಿನಿಂದ ಶುರುವಾಗುವುದಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಜೀವಕೋಶಗಳು ಕುಸಿದದ್ದು. ಬೂಷ್ಟು ಬರುವುದು ಆಮೇಲೆ.

ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಹೀಗಾಗುತ್ತದೆ. ಕಾರಣ ಸಾಗಣೆಯಲ್ಲಿದೆ. ಗಿಡದಲ್ಲಿ ಎರಡು ಕೊಳವೆ ಸಾಲುಗಳಿವೆ. ಒಂದು ಬೇರಿನಿಂದ ನೀರು, ಖನಿಜ ಮೇಲೆ ತರುತ್ತದೆ. ಇನ್ನೊಂದು ಎಲೆಯಲ್ಲಾದ ಸಕ್ಕರೆಯನ್ನು ಬೇರೆ ಕಡೆಗೆ ಒಯ್ಯುತ್ತದೆ. ಕ್ಯಾಲ್ಸಿಯಂ ಓಡಾಡುವುದು ಮೊದಲನೆಯದರಲ್ಲಿ ಮಾತ್ರ. ಅದು ಆವಿ ಎಲ್ಲಿ ಜಾಸ್ತಿ ಹೋಗುತ್ತದೋ ಅಲ್ಲಿಗೆ ಹರಿಯುತ್ತದೆ. ಎಲೆಯಿಂದ ಆವಿ ಜೋರಾಗಿ ಹೋಗುತ್ತದೆ, ಮೇಣದ ಸಿಪ್ಪೆ ಹೊದ್ದ ಕಾಯಿಯಿಂದ ಹೋಗುವುದು ಅತ್ಯಲ್ಪ. ಕಾಯಿಗೆ ಬರುವ ನೀರಿನ ಬಹುಪಾಲು ಸಕ್ಕರೆ ಕೊಳವೆಯಿಂದ ಬರುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹೀಗಾಗಿ ಒಳ್ಳೆ ದಿನದಲ್ಲೂ ಕಾಯಿ ಕ್ಯಾಲ್ಸಿಯಂ ಸಾಲಿನಲ್ಲಿ ಕೊನೆಗೆ ನಿಂತಿರುತ್ತದೆ. ನೀರು ಕೊರತೆಯಾದ ದಿನ ಅದಕ್ಕೆ ಏನೂ ಸಿಗುವುದಿಲ್ಲ. ಕಾಯಿ ವೇಗವಾಗಿ ಊದುವ ಹೊತ್ತಿಗೇ, ಅಂದರೆ ಕಚ್ಚಿದ ಎರಡು ವಾರದ ಆಸುಪಾಸು, ಇದು ಆದರೆ ಕೊಳೆ ಖಚಿತ ಅಂದುಕೊಳ್ಳಿ. ಎಲೆ ಮೇಲೆ ಕ್ಯಾಲ್ಸಿಯಂ ಸಿಂಪಡಿಸಿ ಸರಿಮಾಡೋಣ ಅನ್ನೋದು ಇದೇ ಕಾರಣಕ್ಕೆ ಅಷ್ಟಾಗಿ ಫಲ ಕೊಡುವುದಿಲ್ಲ. ಎಲೆಗೆ ಬಿದ್ದ ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ಇಳಿಯುವ ದಾರಿ ಇಲ್ಲ. ಉದ್ದನೆಯ ಹಣ್ಣಿನ ತಳಿಗಳಲ್ಲಿ ಈ ಕಾಟ ಜಾಸ್ತಿ, ಚೆರ್ರಿ ತಳಿಗಳಲ್ಲಿ ಅಪರೂಪ. ರುಚಿಗಾಗಿ ನೀರು ಬಿಗಿ ಮಾಡಬೇಕು ಅನ್ನುವವರು ಚೆರ್ರಿ ತಳಿಯಿಂದ ಶುರು ಮಾಡುವುದು ಜಾಣತನ.

ಎರಡನೆಯದು ಬಿರುಕು. ಮಣ್ಣು ಒಣಗಿದಾಗ ಕಾಯಿ ನಿಧಾನವಾಗಿ ಬೆಳೆಯುತ್ತದೆ, ಸಿಪ್ಪೆ ಬಿರುಸಾಗುತ್ತದೆ, ಒಳಗೆ ಸಕ್ಕರೆ ದಪ್ಪಗಾಗುತ್ತದೆ. ಆಮೇಲೆ ಒಮ್ಮೆಲೇ ಧಾರಾಳ ನೀರು ಸಿಕ್ಕಿದರೆ ದಪ್ಪ ದ್ರಾವಣ ನೀರನ್ನು ಎಳೆದುಕೊಳ್ಳುತ್ತದೆ. ಒಳಗಿನ ತಿರುಳು ಹಿಗ್ಗುತ್ತದೆ, ಹಿಗ್ಗುವ ಗುಣ ಕಳೆದುಕೊಂಡ ಸಿಪ್ಪೆ ಹರಿಯುತ್ತದೆ. ತೊಟ್ಟಿನ ಸುತ್ತ ಬಳೆಯ ಹಾಗೆ ಬಿರುಕು ಬಿಡಬಹುದು, ಇಲ್ಲವೇ ತೊಟ್ಟಿನಿಂದ ಕೆಳಕ್ಕೆ ಸೀಳು ಬೀಳಬಹುದು. ಬಿರುಕಿಗೆ ಬೂಷ್ಟು, ಹುಳ ಬರುತ್ತವೆ. ನೀರು ಬಿಗಿ ಹಿಡಿದು ಸಿಹಿ ಮಾಡಿದ ಹಣ್ಣಿಗೆ ಈ ಅಪಾಯ ಜಾಸ್ತಿ. ಅಕಾಲದಲ್ಲಿ ಒಂದು ಜೋರು ಮಳೆ ಬಂದರೆ ವಾರಗಟ್ಟಲೆ ಮಾಡಿದ ಕೆಲಸ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಅದಕ್ಕೇ ಇಂಥ ಬೇಸಾಯ ಮಳೆಯಿಲ್ಲದ ಬೇಸಿಗೆ ಇರುವ ಕಡೆ, ಇಲ್ಲವೇ ಸೂರಿನ ಕೆಳಗೆ ಹೆಚ್ಚು ನಡೆಯುತ್ತದೆ. ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಪುಟ್ಟ ಟೊಮೆಟೊ ಹೆಸರು ಮಾಡಿದ್ದು ಹೀಗೆ ಹೆಚ್ಚು ನೀರು ಕಾಣದ ಜ್ವಾಲಾಮುಖಿ ಮಣ್ಣಲ್ಲಿ ಬೆಳೆದು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಮಳೆಗಾಲದ ತೇವವನ್ನೇ ನಂಬಿ, ನಾಟಿಯ ಆಮೇಲೆ ನೀರೇ ಕಟ್ಟದೆ ಬೆಳೆಯುವವರಿದ್ದಾರೆ. ಅಲ್ಲಿ ತೇವ ಹಿಡಿದಿಡುವ ಮಣ್ಣೂ ಇದೆ, ಬೇಸಿಗೆಯಲ್ಲಿ ಸಮುದ್ರದ ತಂಪು ಮಂಜೂ ಇದೆ. ಅವೆರಡೂ ಇಲ್ಲದ ಕಡೆ ಅದನ್ನು ನಕಲು ಮಾಡಿದರೆ ಗಿಡವೇ ಉಳಿಯುವುದಿಲ್ಲ.

ಕಡಿಮೆ ಅಂದರೆ ಎಷ್ಟು?

ಮೊದಲು ಪೂರ್ತಿ ಅಂದರೆ ಎಷ್ಟು ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲದೆ 'ಕಡಿಮೆ ಕೊಟ್ಟೆ' ಅನ್ನೋದಕ್ಕೆ ಅರ್ಥ ಇಲ್ಲ. ನಾಟಿಯಿಂದ ಮುಂದೆ 90ರಿಂದ 120 ದಿನದ ಬೆಳೆಗೆ ಹವೆ ನೋಡಿಕೊಂಡು 400ರಿಂದ 600 ಮಿಲಿಮೀಟರ್ ನೀರು ಬೇಕು. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಅಂದರೆ 10,000 ಲೀಟರ್. 500 ಮಿಲಿಮೀಟರ್ ಅಂದರೆ 50 ಲಕ್ಷ ಲೀಟರ್. ದಿನದ ಲೆಕ್ಕವೂ ಒಂದೇ ಸಮ ಇರುವುದಿಲ್ಲ. ಹವೆಯ ಪ್ರಕಾರ ಹಸಿರು ಹುಲ್ಲಿನ ನೆಲದಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾಗುವ ದಿನದಲ್ಲಿ ಎಳೆ ಟೊಮೆಟೊ ಗಿಡಕ್ಕೆ ಸುಮಾರು 3 ಮಿಲಿಮೀಟರ್ ಸಾಕು. ಅದೇ ಗಿಡ ಹರಡಿಕೊಂಡು ಕಾಯಿ ಹೊತ್ತಾಗ 5.75 ಬೇಕು. ಹೆಚ್ಚುಕಡಿಮೆ ಎರಡು ಪಟ್ಟು. ಮೊದಲ ತಿಂಗಳಿನ ಅಳತೆಯನ್ನೇ ಕೊನೆವರೆಗೂ ಕೊಟ್ಟವರು ತಮಗೆ ಗೊತ್ತಿಲ್ಲದೆಯೇ ಕೊರತೆ ಬೇಸಾಯ ಮಾಡುತ್ತಿರುತ್ತಾರೆ, ಅದೂ ಕೂಡದ ಹಂತದಲ್ಲಿ.

ಮಣ್ಣಿನ ಪಾತ್ರವನ್ನು ಮರೆಯುವ ಹಾಗಿಲ್ಲ. ಗಿಡಕ್ಕೆ ಸಿಗುವಂಥ ತೇವದಲ್ಲಿ ಶೇ. 40ರಷ್ಟು ಖಾಲಿಯಾಗುವವರೆಗೆ ಟೊಮೆಟೊ ಆರಾಮಾಗಿರುತ್ತದೆ, ಆಮೇಲೆ ಒತ್ತಡ ಶುರು ಅನ್ನೋದು ಸಾಮಾನ್ಯ ಲೆಕ್ಕ. ಮರಳು ಮಣ್ಣು ಹಿಡಿದಿಡುವುದೇ ಕಡಿಮೆ, ಬಿಸಿಲು ಜೋರಿದ್ದರೆ ಆ ಶೇ. 40 ಎರಡು ಮೂರು ದಿನದಲ್ಲೇ ಮುಗಿಯಬಹುದು. ಎರೆ ಮಣ್ಣಲ್ಲಿ ವಾರ ಬರಬಹುದು. ಹೀಗಾಗಿ 'ವಾರಕ್ಕೊಮ್ಮೆ ನೀರು' ಅನ್ನುವ ಸಲಹೆ ಒಬ್ಬರಿಗೆ ಹದ, ಇನ್ನೊಬ್ಬರಿಗೆ ಬರ. ಮರಳು ಮಣ್ಣಿನವರು ನೀರು ಕಡಿಮೆ ಮಾಡಬೇಕಾದರೆ ಪ್ರತಿ ಸಲದ ಪ್ರಮಾಣ ಇಳಿಸಬೇಕು. ದಿನಗಳ ಅಂತರ ಹೆಚ್ಚಿಸಬಾರದು.

ಗಿಡವೂ ಹೇಳುತ್ತದೆ, ಕೇಳುವ ಹೊತ್ತು ಸರಿ ಇರಬೇಕು ಅಷ್ಟೇ. ಮಧ್ಯಾಹ್ನದ ಬಿಸಿಲಲ್ಲಿ ಎಲೆ ಜೋಲುವುದು ನೋಡಿ ಗಾಬರಿಯಾಗಬೇಡಿ. ಮಣ್ಣು ತೇವ ಇದ್ದರೂ ಬೇರಿನ ವೇಗ ಸಾಲದೆ ಹಾಗಾಗುತ್ತದೆ, ಸಂಜೆಗೆ ಚೇತರಿಸಿಕೊಳ್ಳುತ್ತದೆ. ಬೆಳಗ್ಗೆ ಎದ್ದು ನೋಡಿದಾಗಲೂ ಎಲೆ ಸೊರಗಿದ್ದರೆ ಕೊರತೆ ಮಿತಿ ಮೀರಿದೆ ಅಂತ ಅರ್ಥ. ಎಲೆಯ ಅಂಚು ಮೇಲಕ್ಕೆ ಸುರುಟುವುದು, ಬಣ್ಣ ಮಂಕಾಗಿ ಬೂದಿ ಹಸಿರಿಗೆ ತಿರುಗುವುದು ಅದಕ್ಕೂ ಮುಂಚಿನ ಗುರುತು. ಬೆರಳು ಇಳಿಸಿ, ಇಲ್ಲವೇ ಕುಡುಗೋಲಿನಿಂದ ಒಂದು ಗೇಣು ಆಳ ಕೆದಕಿ ತೇವ ನೋಡುವುದು ಎಲ್ಲಕ್ಕಿಂತ ಸುಲಭ. ಮೇಲ್ಮಣ್ಣು ಒಣಗಿದ್ದು ಲೆಕ್ಕಕ್ಕಿಲ್ಲ.

ಬೇರಿನ ಅರ್ಧ ಭಾಗಕ್ಕೆ ಮಾತ್ರ ನೀರು ಕೊಡುವ ಇನ್ನೊಂದು ವಿಧಾನವೂ ಇದೆ. ಸಾಲಿನ ಎರಡೂ ಬದಿಗೆ ಡ್ರಿಪ್ ಪೈಪ್ ಎಳೆದು, ಕೆಲ ದಿನ ಎಡಕ್ಕೆ, ಕೆಲ ದಿನ ಬಲಕ್ಕೆ ನೀರು ಬಿಡುತ್ತಾರೆ. ಒಣಗಿದ ಬದಿಯ ಬೇರು ಹುಷಾರು ಅಂತ ಸಂಕೇತ ಕಳಿಸುತ್ತದೆ, ಎಲೆಯ ರಂಧ್ರಗಳು ಸ್ವಲ್ಪ ಮುಚ್ಚುತ್ತವೆ. ತೇವವಿರುವ ಬದಿ ಗಿಡವನ್ನು ಬಾಡಲು ಬಿಡುವುದಿಲ್ಲ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ದ್ರಾಕ್ಷಿ ತೋಟಗಳಲ್ಲಿ ಇದು ಹೆಸರು ಮಾಡಿತು, ಆಮೇಲೆ ಟೊಮೆಟೊಗೂ ಬಂತು. ಉಪಾಯ ಚಂದ. ಆದರೆ ಎರಡು ಪಟ್ಟು ಪೈಪು, ಎರಡು ಪಟ್ಟು ಉಸಾಬರಿ. ಅಷ್ಟೇ ನೀರನ್ನು ಎರಡೂ ಬದಿಗೆ ಸಮನಾಗಿ ಕಡಿಮೆ ಮಾಡಿ ಕೊಟ್ಟರೂ ಎಷ್ಟೋ ಸಲ ಫಲಿತಾಂಶದಲ್ಲಿ ದೊಡ್ಡ ಫರಕು ಕಾಣುವುದಿಲ್ಲ. ನನಗಂತೂ ಮೊದಲು ಹೊದಿಕೆ, ಆಮೇಲೆ ಇದು. ಮಣ್ಣಿನ ಮೇಲೆ ಒಣ ಹುಲ್ಲೋ ಪ್ಲಾಸ್ಟಿಕ್ ಹಾಳೆಯೋ ಇದ್ದರೆ ನೆಲದಿಂದ ಸುಮ್ಮನೆ ಆವಿಯಾಗುವ ನೀರು ಉಳಿಯುತ್ತದೆ. ಅದು ಗಿಡಕ್ಕೆ ನೋವಿಲ್ಲದೆ ಆಗುವ ಉಳಿತಾಯ.

ಉಪ್ಪಿನ ವಿಷಯ ಹೇಳಲೇಬೇಕು. ಕೊಳವೆ ಬಾವಿಯ ನೀರು ಸವುಳಿದ್ದರೆ ಪ್ರತಿ ನೀರಿನ ಜೊತೆ ಒಂದಿಷ್ಟು ಉಪ್ಪು ಹೊಲಕ್ಕೆ ಬರುತ್ತದೆ. ಧಾರಾಳ ನೀರು ಕೊಟ್ಟಾಗ ಅದು ಬೇರಿನ ಕೆಳಕ್ಕೆ ಬಸಿದುಹೋಗುತ್ತದೆ. ನೀರು ಬಿಗಿ ಮಾಡಿದಾಗ ಬಸಿಯುವುದಿಲ್ಲ, ಬೇರಿನ ಸುತ್ತಲೇ ಕೂರುತ್ತದೆ. ಮಣ್ಣಿನ ಉಪ್ಪನ್ನು ಅಳೆಯುವುದು ಅದರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ, ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಅನ್ನೋ ಲೆಕ್ಕದಲ್ಲಿ. ಟೊಮೆಟೊ 2.5ರವರೆಗೆ ಸಹಿಸುತ್ತದೆ, ಅಲ್ಲಿಂದ ಮುಂದೆ ಪ್ರತಿ ಒಂದು ಅಂಕಕ್ಕೆ ಇಳುವರಿ ಸುಮಾರು ಶೇ. 10 ಬೀಳುತ್ತದೆ. ಉಪ್ಪೂ ಬೇರಿಗೆ ನೀರು ಸಿಗದಂತೆ ಮಾಡುವುದರಿಂದ ಹಣ್ಣು ಸಿಹಿಯಾಗುತ್ತದೆ, ಅದನ್ನೇ ಬೇಕೆಂದು ಬಳಸುವ ಹಸಿರುಮನೆಗಳೂ ಇವೆ. ತೆರೆದ ಹೊಲದಲ್ಲಿ ಅದು ಮುಂದಿನ ಬೆಳೆಯ ಮೇಲೆ ಮಾಡಿದ ಸಾಲ.

ನೀರೇ ಇಲ್ಲದಿದ್ದರೆ

ಇಲ್ಲಿವರೆಗೆ ಹೇಳಿದ್ದು ಬೇಕೆಂದೇ ನೀರು ಕಡಿಮೆ ಮಾಡುವವರ ಮಾತು. ಬಾವಿಯಲ್ಲಿ ನೀರೇ ಕಡಿಮೆ ಇರುವವರ ಪ್ರಶ್ನೆ ಬೇರೆ. ಇರುವ ನೀರನ್ನು ಇಡೀ ಹೊಲಕ್ಕೆ ಹಂಚಬೇಕೋ, ಸ್ವಲ್ಪ ಜಾಗಕ್ಕೆ ಪೂರ್ತಿ ಕೊಡಬೇಕೋ?

ಇಡೀ ಅವಧಿಗೆ ಟೊಮೆಟೊದ ಗುಣಾಂಕ 1.05. ಅದನ್ನು ಇಟ್ಟುಕೊಂಡು ಒಂದು ಉದಾಹರಣೆ ನೋಡೋಣ. ಹೆಕ್ಟೇರಿಗೆ 50 ಲಕ್ಷ ಲೀಟರ್ ಬೇಕು, ಪೂರ್ತಿ ನೀರು ಕೊಟ್ಟರೆ 80 ಟನ್ ಬರುತ್ತದೆ, ಮಳೆಯಿಲ್ಲ, ಇರುವುದು 40 ಲಕ್ಷ ಲೀಟರ್ ಅಂತ ಇಟ್ಟುಕೊಳ್ಳಿ. ಇಡೀ ಹೆಕ್ಟೇರಿಗೆ ಹಂಚಿದರೆ ಕೊರತೆ ಶೇ. 20, ಇಳುವರಿ ನಷ್ಟ ಶೇ. 21. ಸಿಗುವುದು 63.2 ಟನ್. 0.8 ಹೆಕ್ಟೇರಿನಲ್ಲಿ ಮಾತ್ರ ನಾಟಿ ಮಾಡಿ ಪೂರ್ತಿ ನೀರು ಕೊಟ್ಟರೆ 64 ಟನ್. ತೂಕ ಹತ್ತಿರ ಹತ್ತಿರ ಒಂದೇ. ಆದರೆ ಎರಡನೆಯದರಲ್ಲಿ ಐದನೇ ಒಂದು ಪಾಲು ಸಸಿ, ಗೊಬ್ಬರ, ಊರುಗೋಲು, ಆಳು ಉಳಿಯಿತು. ಹಣ್ಣಿನ ಗಾತ್ರವೂ ಕುಗ್ಗಲಿಲ್ಲ, ತುದಿ ಕೊಳೆಯ ಭಯವೂ ಕಡಿಮೆ. ಶೇಂಗಾದ ಗುಣಾಂಕ 0.7. ಅದಕ್ಕೆ ಇದೇ ಲೆಕ್ಕ ಮಾಡಿದರೆ ಉತ್ತರ ತಿರುಗುತ್ತದೆ, ಹಂಚಿ ಕೊಟ್ಟರೆ ಲಾಭ. ಟೊಮೆಟೊ ಆ ಜಾತಿಯದಲ್ಲ.

ಈ ಲೆಕ್ಕ ಬದಲಾಗುವುದು ಒಂದೇ ಕಡೆ. ಕೊಳ್ಳುವವರು ತೂಕಕ್ಕಲ್ಲದೆ ಬ್ರಿಕ್ಸ್ ನೋಡಿ ಬೆಲೆ ಕಟ್ಟುವವರಾಗಿದ್ದರೆ, ಇಲ್ಲವೇ ಸಿಹಿ ಹಣ್ಣಿಗೆ ಜಾಸ್ತಿ ಕೊಡುವವರಾಗಿದ್ದರೆ, ಆ 63 ಟನ್ನಿಗೆ 64ಕ್ಕಿಂತ ಜಾಸ್ತಿ ಬೆಲೆ ಬರಬಹುದು. ಆ ಮಾತುಕತೆ ನಾಟಿಗೆ ಮೊದಲೇ ಆಗಿರಬೇಕು. ಹಾಗೆ ಕೊಡುವವರು ಇಲ್ಲದಿದ್ದರೆ ಜಾಗ ಕಡಿಮೆ ಮಾಡಿ, ನೀರು ಪೂರ್ತಿ ಕೊಡಿ, ಬಣ್ಣ ತಿರುಗುವ ಹೊತ್ತಿಗೆ ಮಾತ್ರ ಕೈ ಸ್ವಲ್ಪ ಬಿಗಿ ಹಿಡಿಯಿರಿ.